ಶಿಕ್ಷೆಯಾದ ಮೇಲೂ ಒಂದು ಬಾಗಿಲಿದೆ

ಹೊಳೆನರಸೀಪುರ, ಅರಕಲಗೂಡಿನ ಕಡೆ ಬದುವಿಗೋ ನಾಲೆ ನೀರಿಗೋ ಜಗಳ ಹತ್ತಿ, ಒಂದೇ ಏಟಿಗೆ ಜೀವ ಹೋಗಿಬಿಡಬಹುದು. ಹಾಸನದ ಸೆಷನ್ಸ್ ನ್ಯಾಯಾಲಯ ಕೊಲೆಯೆಂದು ಜೀವಾವಧಿ ಕೊಟ್ಟರೆ ಮನೆಯವರು ಕೈಚೆಲ್ಲಬೇಡಿ. ತೀರ್ಪಿನ ಪ್ರತಿ ಉಚಿತವಾಗಿ ಸಿಗುತ್ತದೆ. 60 ದಿನದೊಳಗೆ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಹಾಕಿ.

ಅಲ್ಲಿ ಮುಖ್ಯವಾಗಿ ನೋಡುವುದು ಆ ಗಳಿಗೆಯನ್ನು. ಕೈಗೆ ಸಿಕ್ಕ ಗುದ್ದಲಿ ಕಾವಿನಿಂದ ಹೊಡೆದದ್ದೋ, ಮನೆಗೆ ಹೋಗಿ ಮಚ್ಚು ತಂದದ್ದೋ? ಎಷ್ಟು ಏಟು, ಎಲ್ಲಿಗೆ? ಬಿದ್ದವರ ಮೇಲೆ ಮತ್ತೆ ಕೈಮಾಡಿದರೋ? ಸಂಚಿಲ್ಲದೆ, ಕ್ರೌರ್ಯವಿಲ್ಲದೆ, ಹಠಾತ್ ಜಗಳದ ಆವೇಶದಲ್ಲಿ ನಡೆದದ್ದೆಂದು ಸಾಕ್ಷ್ಯವೇ ಹೇಳಿದರೆ ಕೊಲೆಯ ಐಪಿಸಿ 302ನೇ ಕಲಂ, ಕೊಲೆಯಲ್ಲದ ನರಹತ್ಯೆಯ 304ಕ್ಕೆ ಇಳಿಯಬಹುದು. 2024ರ ಜುಲೈ 1ರಿಂದ ಈಚಿನ ಘಟನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 103ರಿಂದ 105ಕ್ಕೆ. ಕೊಲ್ಲುವ ಅಥವಾ ಸಾವು ತರಬಲ್ಲ ಗಾಯ ಮಾಡುವ ಉದ್ದೇಶವೇ ಇರಲಿಲ್ಲವೆಂದಾದರೆ, 304ರ ಎರಡನೇ ಭಾಗದಲ್ಲಿ ಗರಿಷ್ಠ 10 ವರ್ಷ.

ದಯವಿಟ್ಟು ಹೊಸ ಕಥೆ ಕಟ್ಟಬೇಡಿ, ಸಾಕ್ಷಿಗಳ ಮನೆ ಬಾಗಿಲು ತಟ್ಟಬೇಡಿ. ಆಚೆ ಮನೆಯಲ್ಲೂ ಒಬ್ಬರನ್ನು ಕಳೆದುಕೊಂಡಿದ್ದಾರೆ. ಮರಣೋತ್ತರ ಪರೀಕ್ಷೆಯ ವರದಿ, ಪಂಚನಾಮೆ, ಸಾಕ್ಷಿ ಹೇಳಿಕೆಗಳನ್ನು ಜೋಡಿಸಿ ವಕೀಲರಿಗೆ ಕೊಡಿ. ಫೀಸಿಗೆಂದು ಜಮೀನು ಮಾರುವ ಮುನ್ನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಜೈಲಿನಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ವಕೀಲರನ್ನು ಕೊಡುತ್ತಾರೆ.