ಜನರೇಟರಿಗೆ ಬಯೋಡೀಸೆಲ್ ಹಾಕುವ ಮುನ್ನ

ಜನರೇಟರಿಗೆ ಡೀಸೆಲ್ ಬದಲು ಬಯೋಡೀಸೆಲ್ ಹಾಕುವ ಮನಸ್ಸು ಮಾಡಿದ್ದೀರಾ? ಖಂಡಿತ ಮಾಡಿ. ಆದರೆ ಗಾಣದಿಂದ ತಂದ ಹೊಂಗೆಎಣ್ಣೆಯನ್ನೇ ಟ್ಯಾಂಕಿಗೆ ಸುರಿಯಬೇಡಿ. ಅದು ಡೀಸೆಲ್‌ಗಿಂತ ಬಹಳ ಮಂದ, ಇಂಜೆಕ್ಟರಿನಲ್ಲಿ ಮಸಿ ಕಟ್ಟುತ್ತದೆ. ಮೆಥನಾಲ್ ಬೆರೆಸಿ ಸಂಸ್ಕರಿಸಿ, ಗ್ಲಿಸರಿನ್ ಬೇರ್ಪಡಿಸಿದ ಮೇಲಷ್ಟೇ ಅದು ಬಯೋಡೀಸೆಲ್. ಕೊಳ್ಳುವಾಗ ಐಎಸ್ 15607 ಮಾನಕದ ಪರೀಕ್ಷಾ ವರದಿ ಕೇಳಿ. ಎಂಜಿನ್ ತಯಾರಕರು ಒಪ್ಪಿದರೆ ಶೇ. 20ರ ಮಿಶ್ರಣದಿಂದ ಶುರು ಮಾಡಿ.

ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಮೇಲೆ ಕಣ್ಣಿಡಿ. ಬಯೋಡೀಸೆಲ್ ಹಳೆಯ ಟ್ಯಾಂಕಿನ ತಳದ ಗಸಿಯನ್ನೆಲ್ಲ ಕರಗಿಸಿ ತರುತ್ತದೆ. ಮೊದಲ ವಾರಗಳಲ್ಲಿ ಎಂಜಿನ್ ಉಸಿರುಗಟ್ಟಿದರೆ ಇಂಧನವನ್ನು ದೂರುವ ಮೊದಲು ಫಿಲ್ಟರ್ ಬದಲಿಸಿ. ಹಳೆಯ ರಬ್ಬರ್ ಪೈಪುಗಳೂ ಉಬ್ಬಿ ಮೆತ್ತಗಾಗಬಹುದು. ಅಪರೂಪಕ್ಕೆ ಓಡುವ ಜನರೇಟರಿನಲ್ಲಿ ತಿಂಗಳುಗಟ್ಟಲೆ ತುಂಬಿಡಬೇಡಿ, ಗಾಳಿಯ ತೇವ ಹೀರಿ ಕೆಡುತ್ತದೆ. ಬೇಕಾದಷ್ಟೇ ತಂದು, ಬೇಗ ಬಳಸಿ.