ಪುಸ್ತಕದ ಹಾಳೆಗೆ ಹೊಲಿದ ಗುಂಡಿಗಳು



ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ಎಂದೊಡನೆ ನಿಮಗೆ ನೆನಪಾಗುವುದು ದಸರಾ ಆನೆಗಳ ಗಜಪಯಣ. ನಾಗರಹೊಳೆ ಕಾಡಿನ ಬಾಗಿಲಲ್ಲಿರುವ ಆ ಊರಿನಿಂದ ಆನೆಗಳು ಪೂಜೆ ಮಾಡಿಸಿಕೊಂಡು ಮೈಸೂರಿಗೆ ಹೊರಡುತ್ತವೆ. ನನಗಾದರೋ ಆ ಊರೆಂದರೆ ಒಂದು ಮನೆಯಲ್ಲಿ ಕಂಡ ಐದು ಅಂಗಿ ಗುಂಡಿಗಳು ನೆನಪಾಗುತ್ತವೆ.

ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುತ್ತಿದ್ದ ಮಕ್ಕಳಿಗೆ ನಾನು ಒಂದು ಕೆಲಸ ಕೊಟ್ಟಿದ್ದೆ. ದಪ್ಪ ಹಾಳೆಯ ಪುಸ್ತಕವೊಂದರಲ್ಲಿ ಮನೆಯವರ ಜ್ಞಾನಸ್ನಾನ, ಮದುವೆ, ಮರಣಗಳ ದಿನಾಂಕ ಬರೆದು, ಫೋಟೋ ಅಂಟಿಸಿ, ಒಂದೆರಡು ಸಾಲು ನೆನಪು ಬರೆದು ತರಬೇಕು. ಈಗ ಎಲ್ಲರ ಫೋಟೋಗಳೂ ಮೊಬೈಲಿನಲ್ಲಿವೆ. ಮೊಬೈಲು ನೀರಿಗೆ ಬಿದ್ದರೆ ಮನೆತನದ ಚರಿತ್ರೆಯೇ ಮುಳುಗಿತು! ಅದಕ್ಕೇ ಪುಸ್ತಕ. ಹೊರದೇಶಗಳಲ್ಲಿ ಇಂಥ ಪುಸ್ತಕಗಳನ್ನು 'ಸ್ಕ್ರ್ಯಾಪ್‌ಬುಕ್' ಎನ್ನುತ್ತಾರೆ. ಅವುಗಳ ಅಲಂಕಾರಕ್ಕೆಂದೇ ಬಣ್ಣದ ಗುಂಡಿಗಳನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ.

ಒಬ್ಬ ಹುಡುಗಿ ಪೊಟ್ಟಣ ಕೊಳ್ಳಲಿಲ್ಲ. ತೀರಿಕೊಂಡ ತಾತನ ಖಾಕಿ ಅಂಗಿಯಿಂದ ಐದು ಗುಂಡಿ ಕತ್ತರಿಸಿ, ತಾತನ ಫೋಟೋದ ಕೆಳಗೆ ಶಿಲುಬೆಯ ಆಕಾರದಲ್ಲಿ ಹೊಲಿದಳು. ತಾತ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವರು. ಮನೆ ಆಶೀರ್ವಾದಕ್ಕೆ ನಾನು ಹೋದಾಗ ಮನೆಯಲ್ಲಿ ಜಗಳವೇ ನಡೆದಿತ್ತು. "ಸತ್ತೋರ ಬಟ್ಟೇದು ಮನೇಲಿಟ್ಕೋಬಾರ್ದು ಅಂತಾರೆ. ಇವ್ಳು ನೋಡಿದ್ರೆ ಪುಸ್ತಕಕ್ಕೇ ಹೊಲಿದವ್ಳೆ. ನೀವೇ ಹೇಳಿ ಸ್ವಾಮಿ," ಎಂದರು ಅಜ್ಜಿ.

ನಾನು ಸೆಮಿನರಿಯಲ್ಲಿ ಕಲಿತದ್ದನ್ನು ಹೇಳಿದೆ. ಸಂತ ಅಗಸ್ಟೀನರು 'ದೇವರ ನಗರ' ಎಂಬ ಗ್ರಂಥದ ಮೊದಲ ಭಾಗದಲ್ಲಿ, ತಂದೆಯ ಮೇಲೆ ಪ್ರೀತಿ ಹೆಚ್ಚಿದ್ದಷ್ಟೂ ಅವನ ಉಡುಪು, ಉಂಗುರಗಳು ಮಕ್ಕಳಿಗೆ ಪ್ರಿಯವಾಗುತ್ತವೆ. ಹಾಗಿರುವಾಗ ಅವುಗಳಿಗಿಂತಲೂ ಹತ್ತಿರದ ದೇಹವನ್ನು ತಾತ್ಸಾರ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಸಂತ ತೋಮಸ್ ಅಕ್ವಿನಾಸರು ಸಂತರ ಅವಶೇಷಗಳಿಗೆ ಗೌರವ ಸಲ್ಲಿಸುವ ವಿಷಯ ಬಂದಾಗ ಇದೇ ಮಾತನ್ನು ಎತ್ತಿಕೊಂಡು, ಗೌರವ ಸಲ್ಲುವುದು ಜಡವಸ್ತುವಿಗಲ್ಲ, ಅದರ ಮೂಲಕ ಆ ವ್ಯಕ್ತಿಗೆ, ಕಡೆಗೆ ದೇವರಿಗೆ ಎಂದು ಬಿಡಿಸಿ ಹೇಳುತ್ತಾರೆ. ತಾತನನ್ನು ಧರ್ಮಸಭೆ ಸಂತರೆಂದು ಘೋಷಿಸಿಲ್ಲವಾದ್ದರಿಂದ ಗುಂಡಿಗೆ ಮೇಣದಬತ್ತಿ ಹಚ್ಚುವ ಹಾಗಿಲ್ಲ. ಕೊರಳಿಗೆ ತಾಯಿತದಂತೆ ಕಟ್ಟುವ ಹಾಗೂ ಇಲ್ಲ. ಆದರೆ ಪ್ರೀತಿಯಿಂದ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ? ಕೆಡುಕಾಗುತ್ತದೆಂಬ ಭಯಕ್ಕೆ ನಮ್ಮ ವಿಶ್ವಾಸದಲ್ಲಿ ಆಧಾರವಿಲ್ಲ.

ಪವಿತ್ರ ಬೈಬಲಿನಲ್ಲೂ ಇದಕ್ಕೆ ಸಾಕ್ಷಿಯಿದೆ. ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯ ಓದಿರಿ. ಯೊಪ್ಪ ಊರಿನ ತಬಿಥಾ ತೀರಿಕೊಂಡಾಗ ವಿಧವೆಯರು ಪೇತ್ರರನ್ನು ಸುತ್ತುವರಿದು ಅಳುತ್ತಾ ನಿಂತರು. ಅವಳ ಗುಣಗಾನಕ್ಕಿಂತ ಮೊದಲು ಅವರು ಮಾಡಿದ್ದೇನು? ಅವಳು ಹೊಲಿದುಕೊಟ್ಟ ಉಡುಪುಗಳನ್ನು ಎತ್ತಿ ತೋರಿಸಿದ್ದು. ಯೆಹೋಶುವನ ಗ್ರಂಥದ 4ನೆಯ ಅಧ್ಯಾಯದಲ್ಲಿ ಜೋರ್ಡಾನ್ ನದಿಯಿಂದ ಹನ್ನೆರಡು ಕಲ್ಲುಗಳನ್ನು ತಂದು ನಿಲ್ಲಿಸಿದ್ದು, ಮುಂದೆ ಮಕ್ಕಳು 'ಈ ಕಲ್ಲುಗಳೇಕೆ?' ಎಂದು ಕೇಳಲಿ ಎಂದೇ. ಪುಸ್ತಕಕ್ಕೆ ಹೊಲಿದ ಗುಂಡಿಯ ಕೆಲಸವೂ ಅದೇ. ಕೇಳುವಂತೆ ಮಾಡಬೇಕು.

ಹಾಗಾದರೆ ಅಲಂಕಾರವೆಂಬುದು ಬೇಡವೇ? ಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ತಾಯಂದಿರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಮೂಲೆಗಳಲ್ಲಿ ಮಡಿಸಿದ ಪುಟ್ಟ ತುಂಡುಗಳ 'ಹೂವು' ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಅವರಲ್ಲಿ ಕಥೋಲಿಕರಾದವರು ಶಿಲುಬೆಯನ್ನೂ ಸೇರಿಸಿ ಹೊಲಿಯುವುದುಂಟು. ಹೂವಿನಿಂದ ಚಳಿ ಹೋಗುವುದಿಲ್ಲ, ನಿಜ. ಆದರೂ ಅದಿಲ್ಲದೆ ಕೌದಿ ಮುಗಿಯುವುದಿಲ್ಲ.

ನಿಮ್ಮ ಮನೆಯಲ್ಲೂ ಮಾಡುವುದಾದರೆ ಕೆಲವು ಮಾತು. ಗುಂಡಿಯನ್ನು ಗೋಂದಿನಿಂದ ಅಂಟಿಸಬೇಡಿ, ಒಣಗಿದ ಮೇಲೆ ಉದುರುತ್ತದೆ. ಹಾಳೆಗೆ ಮೊದಲು ಸೂಜಿಯಿಂದ ತೂತು ಮಾಡಿಕೊಂಡು, ಜೋಡಿ ದಾರದಲ್ಲಿ ಹೊಲಿಯಿರಿ. ದಾರ ಬಿಗಿಯಾಗಿ ಎಳೆದರೆ ಕಾಗದ ಹರಿಯುತ್ತದೆ. ಹಿಂಬದಿಯ ಗಂಟು ಕಾಣದಂತೆ ಇನ್ನೊಂದು ಕಾಗದ ಅಂಟಿಸಿ. ಹಿತ್ತಾಳೆ ಗುಂಡಿ ಕಿಲುಬು ಹಿಡಿಯುವುದರಿಂದ ಅಡಿಯಲ್ಲಿ ಬಟ್ಟೆಯ ಚೂರಿಡಿ. ಫೋಟೋದ ಎದುರಿಗೆ ಗುಂಡಿ ಬಂದರೆ ಅಚ್ಚು ಬೀಳುತ್ತದೆ, ನಡುವೆ ಒಂದು ಖಾಲಿ ಹಾಳೆ ಇರಲಿ. ಎಲ್ಲಕ್ಕಿಂತ ಮುಖ್ಯ, ಯಾರ ಗುಂಡಿ, ಯಾವ ಉಡುಪಿನದು ಎಂದು ಕೆಳಗೆ ಬರೆಯಿರಿ. ಬರೆಯದ ಗುಂಡಿ ಮುಂದಿನ ತಲೆಮಾರಿಗೆ ಕಸ. ಮದುವೆಯ ಕೋಟಿನದು, ಮಗುವಿನ ಜ್ಞಾನಸ್ನಾನದ ಅಂಗಿಯದು, ಯಾವುದಾದರೂ ಸರಿ. (ಗುರುಗಳ ನಿಲುವಂಗಿಗೆ ಪ್ರಭು ಯೇಸುವಿನ ವಯಸ್ಸಿನ ನೆನಪಿಗೆ 33 ಗುಂಡಿಗಳಿರಬೇಕೆಂಬ ರೂಢಿಯಿದೆ. ನನ್ನದನ್ನು ದಯವಿಟ್ಟು ಎಣಿಸಬೇಡಿ.)

ಇಷ್ಟೆಲ್ಲ ಹೇಳಿದರೂ ಆ ಅಜ್ಜಿಯ ಮುಖ ತಿಳಿಯಾಗಲಿಲ್ಲ. ಪುಸ್ತಕವನ್ನು ಹತ್ತಿರ ತಂದು ನೋಡಿದೆ. ನಾಲ್ಕು ಗುಂಡಿ ಕಂದು, ನಡುವಿನದೊಂದು ಬಿಳಿ. "ಇದ್ಯಾಕೆ ಬೇರೆ, ಮಗು?" ಎಂದೆ. ಹುಡುಗಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯೇ ಹೇಳಿದರು. ತಾತನ ಅಂಗಿಯ ಗುಂಡಿ ಕಿತ್ತುಹೋದಾಗ, ಕಿರಿಮಗನ ಹಳೆಯ ಸ್ಕೂಲ್ ಅಂಗಿಯದನ್ನು ತೆಗೆದು ಹಾಕಿದ್ದರಂತೆ. ಆ ಮಗ ಅಪ್ಪನೊಡನೆ ಜಗಳವಾಡಿ ಕೊಡಗಿನ ಕಾಫಿ ತೋಟಕ್ಕೆ ಹೋದವನು ಅಪ್ಪನ ಮಣ್ಣಿಗೂ ಬಂದಿರಲಿಲ್ಲ. ಅವನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅಜ್ಜಿ ಕೇಳಿದ್ದು ಬಾಯಿಮಾತಿಗೆ ಸತ್ತವರ ಬಟ್ಟೆಯ ವಿಷಯ; ನಾನು ಉತ್ತರಿಸಿದ್ದೂ ಅದಕ್ಕೇ. ಅವರನ್ನು ಚುಚ್ಚುತ್ತಿದ್ದದ್ದು ಬದುಕಿರುವವನ ಗುಂಡಿ. ಅಕ್ವಿನಾಸರನ್ನು ಬದಿಗಿಟ್ಟು ಸುಮ್ಮನೆ ಕುಳಿತೆ. ಆಮೇಲೆ ಮೂವರೂ ಸೇರಿ ಒಂದು ಜಪ ಮಾಡಿದೆವು.

ಮುಂದಿನ ಭಾನುವಾರ ಬಲಿಪೂಜೆಯ ನಂತರ ಹುಡುಗಿ ಪುಸ್ತಕ ತಂದು ತೋರಿಸಿದಳು. ಬಿಳಿ ಗುಂಡಿಯ ಪಕ್ಕದಲ್ಲಿ ಅವಳ ಚಿಕ್ಕಪ್ಪನ ಹೆಸರು, ಅವನ ಜ್ಞಾನಸ್ನಾನದ ದಿನಾಂಕ ಬರೆದಿತ್ತು. ದಿನಾಂಕ ಹೇಳಿ ಬರೆಸಿದ್ದು ಅಜ್ಜಿ. ನವೆಂಬರ್ 2ರ ಮೃತರ ಸ್ಮರಣೆಯ ಪೂಜೆಗೆ ತಾತನ ಹೆಸರು ಕೊಡಲು ಬಂದಾಗ, "ಬದುಕಿರೋರಿಗೂ ಒಂದು ಪೂಜೆ ಇಡ್ತೀರಾ ಸ್ವಾಮಿ?" ಎಂದು ಕೇಳಿದರು. ಆತ ಇನ್ನೂ ಬಂದಿಲ್ಲ. ಪೂಜೆ ಇಟ್ಟಿದ್ದೇನೆ.