ಫ್ಲಾಪಿ ತಟ್ಟೆಗಳಲ್ಲಿ ಉಳಿದ ಹಳೆಯ ದಾಖಲೆ: ಪ್ರತಿಬಿಂಬ ತೆಗೆಯುವ, ಕುಗ್ಗಿಸುವ ಮತ್ತು ಮರಳಿ ಪಡೆಯುವ ಕ್ರಮ
(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ನಮ್ಮ ಜಿಲ್ಲೆಯು ರಚನೆಯಾದ ಕಾಲವು, ಸರ್ಕಾರಿ ಕಚೇರಿಗಳಿಗೆ ಗಣಕಯಂತ್ರವು ಆಗತಾನೆ ಕಾಲಿಡುತ್ತಿದ್ದ ಕಾಲವೂ ಹೌದು. ಅಂತರಜಾಲ ಸಂಪರ್ಕವಿಲ್ಲದ ಆ ದಿನಗಳಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾಹಿತಿಯನ್ನು ಸಾಗಿಸುತ್ತಿದ್ದುದು ಅಂಗೈಯಗಲದ ಫ್ಲಾಪಿ ತಟ್ಟೆ. ಪಟ್ಟಿಗಳನ್ನು ಪಟ್ಟಣದ ಬೆರಳಚ್ಚು ಅಂಗಡಿಯಲ್ಲಿ ಸಿದ್ಧಪಡಿಸಿಕೊಂಡು, ಮುದ್ರಿತ ಪ್ರತಿಯೊಡನೆ ಫ್ಲಾಪಿಯನ್ನೂ ಪಡೆದು ಕಪಾಟಿನಲ್ಲಿ ಇರಿಸಿದ ಕಚೇರಿಗಳುಂಟು. ಮುದ್ರಿತ ಪ್ರತಿಗೆ ಗೆದ್ದಲು ಹಿಡಿದಿರಬಹುದು. ಫ್ಲಾಪಿ ಮಾತ್ರ ತನ್ನ ಪ್ಲಾಸ್ಟಿಕ್ ಕವಚದೊಳಗೆ ಇನ್ನೂ ಕುಳಿತಿರಬಹುದು.

ಈ ಪಾಠಕ್ಕೆ ಕಾರಣವಾದ ಸಂಗತಿಯೊಂದನ್ನು ಮೊದಲು ನಿವೇದಿಸುತ್ತೇನೆ. ಆಶ್ರಯ ಯೋಜನೆಯಡಿ ಬಹಳ ವರ್ಷಗಳ ಹಿಂದೆ ತನ್ನ ತಂದೆಗೆ ಹಂಚಿಕೆಯಾದ ನಿವೇಶನದ ಪಟ್ಟಿಯನ್ನು ಕೋರಿ ಒಬ್ಬರು ಅರ್ಜಿ ಸಲ್ಲಿಸಿದ್ದರು. ಕಾಗದದ ಪಟ್ಟಿ ದೊರೆಯಲಿಲ್ಲ. ಪಟ್ಟಿಯ ಹೆಸರು ಬರೆದ ಫ್ಲಾಪಿಯೊಂದು ಸಿಕ್ಕಿತು. ಎಲ್ಲರೂ ಹರ್ಷಗೊಂಡು ಅದನ್ನು ಯಂತ್ರಕ್ಕೆ ತೂರಿಸಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ಈ ತಟ್ಟೆಯು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೇ? ಪ್ರಶ್ನೆಯನ್ನು ಪೂರ್ಣ ಓದದೆ ‘ಯೆಸ್’ ಒತ್ತಲಾಯಿತು. ಎರಡು ನಿಮಿಷದೊಳಗೆ ತಟ್ಟೆಯು ಹೊಚ್ಚಹೊಸದರಂತೆ ಖಾಲಿಯಾಯಿತು. ಆ ಸಂದೇಶದ ನಿಜವಾದ ಅರ್ಥ ‘ನನಗೆ ಇದನ್ನು ಓದಲಾಗುತ್ತಿಲ್ಲ’ ಎಂದಷ್ಟೇ. ಸಂಪೂರ್ಣ ಓದಲಾಗದ ತಟ್ಟೆಯಲ್ಲಿಯೂ ಬಹುಪಾಲು ಅಕ್ಷರಗಳು ಸುರಕ್ಷಿತವಾಗಿರುವ ಸಾಧ್ಯತೆಯಿರುತ್ತದೆ ಎಂಬುದು ಆ ದಿನ ಅಲ್ಲಿದ್ದ ನಮಗಾರಿಗೂ ತೋಚಲಿಲ್ಲ.

ಇದು ಕೇವಲ ಗಣಕಯಂತ್ರ ನಿರ್ವಾಹಕರ ವಿಷಯವೆಂದು ಸದಸ್ಯರು ಭಾವಿಸಬಾರದು. ಮಾಹಿತಿ ಹಕ್ಕು ಅಧಿನಿಯಮ, 2005ರ 2ನೇ ಪ್ರಕರಣದ (ಜೆ) ಖಂಡದಲ್ಲಿ, ನಾಗರಿಕನು ಮಾಹಿತಿಯನ್ನು ಪಡೆಯಬಹುದಾದ ರೂಪಗಳ ಪೈಕಿ ಡಿಸ್ಕೆಟ್ ಮತ್ತು ಫ್ಲಾಪಿಗಳನ್ನು ಹೆಸರಿಸಿಯೇ ಹೇಳಲಾಗಿದೆ. 4ನೇ ಪ್ರಕರಣವು ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಡನೆ ಇರಿಸುವ ಹೊಣೆಯನ್ನು ಸಾರ್ವಜನಿಕ ಪ್ರಾಧಿಕಾರದ ಮೇಲೆ ಹೊರಿಸಿದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಮುಂದೆಯೂ ತೆರೆದು ನೋಡಲು ಬರುವಂತೆ, ಮೂಲ ರೂಪದಲ್ಲಾಗಲಿ ಮೂಲವನ್ನು ನಿಖರವಾಗಿ ತೋರುವ ರೂಪದಲ್ಲಾಗಲಿ ಇಡತಕ್ಕದ್ದೆಂದು ವಿಧಿಸುತ್ತದೆ. ಕಪಾಟಿನಲ್ಲಿ ಫ್ಲಾಪಿ ಇದೆ ಎಂದ ಮಾತ್ರಕ್ಕೆ ಈ ವಿಧಿಯು ಪಾಲನೆಯಾದಂತಾಗುವುದಿಲ್ಲ. ಅದನ್ನು ಓದುವ ಸಾಧನವೇ ಮಾಯವಾಗುತ್ತಿದೆ. ಸೋನಿ ಸಂಸ್ಥೆಯು 2011ರಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಇಂದಿನ ಗಣಕಯಂತ್ರಗಳಲ್ಲಿ ಅದನ್ನು ತೂರಿಸುವ ಕಿಂಡಿಯೇ ಇಲ್ಲ. ಯುಎಸ್‌ಬಿ ಮೂಲಕ ಜೋಡಿಸುವ ಪ್ರತ್ಯೇಕ ಡ್ರೈವ್ ಬೇಕು.

ಹಾಗಾದರೆ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರೆ ಸಾಲದೇ? ಸಾಲದು. ನಕಲು ಮಾಡಿದಾಗ ಹೆಸರುಳ್ಳ ಕಡತಗಳಷ್ಟೇ ಬರುತ್ತವೆ. ಅಳಿಸಿಹೋದ ಕಡತಗಳ ಅವಶೇಷ ಮತ್ತು ತಟ್ಟೆಯ ಒಳರಚನೆ ಹಿಂದೆಯೇ ಉಳಿಯುತ್ತವೆ. ಇದಕ್ಕೆ ಬದಲು ಇಡೀ ತಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕಡತವಾಗಿ ಪಡೆಯುವುದಕ್ಕೆ ‘ಪ್ರತಿಬಿಂಬ ತೆಗೆಯುವುದು’ ಎನ್ನುತ್ತಾರೆ. ಸಾಮಾನ್ಯವಾದ ಮೂರೂವರೆ ಅಂಗುಲದ ಫ್ಲಾಪಿಗೆ 2 ಮುಖ, ಪ್ರತಿ ಮುಖದಲ್ಲಿ 80 ಪಥ, ಪ್ರತಿ ಪಥದಲ್ಲಿ 18 ಖಂಡ, ಪ್ರತಿ ಖಂಡದಲ್ಲಿ 512 ಬೈಟ್. ಗುಣಿಸಿದರೆ 14,74,560 ಬೈಟ್. ಪ್ರತಿಬಿಂಬ ಕಡತದ ಗಾತ್ರವೂ ಸರಿಯಾಗಿ ಇಷ್ಟೇ ಇರತಕ್ಕದ್ದು. ಇದು ಸದಸ್ಯರೇ ಪರದೆಯಲ್ಲಿ ನೋಡಿ ತಾಳೆ ಹಾಕಬಹುದಾದ ಸಂಖ್ಯೆ.

‘ಕುಗ್ಗಿಸುವುದು’ ಎಂದೊಡನೆ ದಾಖಲೆಯಲ್ಲಿ ಏನೋ ಕಳೆದುಹೋಗುವುದೆಂಬ ಶಂಕೆ ಸಹಜ. ಹಳೆಯ ಶಾನುಭೋಗರ ಕಂದಾಯ ಪುಸ್ತಕವನ್ನು ನೆನಪಿಸಿಕೊಳ್ಳಿ. ಮೊದಲ ಸಾಲಿನಲ್ಲಿ ಗ್ರಾಮದ ಹೆಸರನ್ನು ಪೂರ್ಣವಾಗಿ ಬರೆದು, ಕೆಳಗಿನ ನಲವತ್ತು ಸಾಲುಗಳಲ್ಲಿ ‘ಸದರಿ’ ಎಂದಷ್ಟೇ ಬರೆಯುತ್ತಿದ್ದರು. ಶಾಯಿ ಉಳಿಯಿತು, ಅರ್ಥ ಒಂದಿನಿತೂ ಕೆಡಲಿಲ್ಲ. ತಂತ್ರಾಂಶವು ಮಾಡುವುದೂ ಇದನ್ನೇ: ಮರುಕಳಿಸುವ ಅಕ್ಷರಸರಣಿಗೆ ಒಂದು ‘ಸದರಿ’ ಹಾಕುತ್ತದೆ, ಮರಳಿ ಬಿಡಿಸುವಾಗ ಪೂರ್ಣ ಹೆಸರನ್ನೇ ಬರೆಯುತ್ತದೆ. ಭಾವಚಿತ್ರಗಳನ್ನು ಮೊಬೈಲಿನಲ್ಲಿ ಕುಗ್ಗಿಸಿ ಕಳುಹಿಸಿದಾಗ ಅವು ಮಸುಕಾಗುವುದು ಬೇರೆ ವಿಧಾನ. ಅದನ್ನು ಇದರೊಡನೆ ಬೆರೆಸಬಾರದು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನೂರು ಫ್ಲಾಪಿಗಳನ್ನು ಕುಗ್ಗಿಸದೆ ಇಟ್ಟರೂ ಸುಮಾರು 147 ಮೆಗಾಬೈಟ್ ಆಗುತ್ತದೆ. ಇಂದಿನ ಪೆನ್‌ಡ್ರೈವಿನ ಒಂದು ಮೂಲೆಗೂ ಅದು ಸಾಲದು. ಹೀಗಿರುವಾಗ ಕುಗ್ಗಿಸುವುದರ ಲಾಭ ಜಾಗದ ಉಳಿತಾಯವಷ್ಟೇ ಅಲ್ಲ. ಜಿಪ್ ಮಾದರಿಯ ಕಡತದೊಳಗೆ ತಾಳೆಸಂಖ್ಯೆಯೊಂದು ಅಡಗಿರುವುದರಿಂದ, ಮುಂದೆಂದಾದರೂ ಕಡತವು ಕೆಟ್ಟರೆ ಬಿಡಿಸುವಾಗಲೇ ಅದು ದೋಷವೆಂದು ಕೂಗಿ ಹೇಳುತ್ತದೆ. ಆದರೆ ಕುಗ್ಗಿಸಿದ ಕಡತದಲ್ಲಿ ಒಂದು ಬೈಟ್ ಕೆಟ್ಟರೆ ಅದರ ಮುಂದಿನದೆಲ್ಲವೂ ಹಾಳಾಗಬಹುದು. ಆದುದರಿಂದ ಒಂದೇ ಪ್ರತಿಯನ್ನು ನಂಬತಕ್ಕದ್ದಲ್ಲ.

ಕಾರ್ಯವಿಧಾನಕ್ಕೆ ಬರೋಣ. ಮೊದಲು ತಟ್ಟೆಯ ಲೋಹದ ಬಾಗಿಲನ್ನು ಮೆಲ್ಲನೆ ಸರಿಸಿ ಬೆಳಕಿನಲ್ಲಿ ನೋಡತಕ್ಕದ್ದು. ಬಂಡೀಪುರದ ಅಂಚಿನ ಗ್ರಾಮಗಳಲ್ಲಿ ಮಳೆಗಾಲದ ತೇವಕ್ಕೆ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಫ್ಲಾಪಿಯ ಒಳಹಾಳೆಯ ಮೇಲೆಯೂ ಬಿಳಿಯ ಚುಕ್ಕೆಗಳಾಗಿ ಅದು ಕಾಣಬಹುದು. ಅಂಥದನ್ನು ಡ್ರೈವಿಗೆ ಹಾಕಿದರೆ ಓದುವ ತಲೆ ಮಲಿನಗೊಂಡು ಮುಂದಿನ ಒಳ್ಳೆಯ ತಟ್ಟೆಯನ್ನೂ ಗೀರುತ್ತದೆ. ಅದನ್ನು ಪ್ರತ್ಯೇಕಿಸಿ ಇಡಿ, ಒರೆಸಲು ಹೋಗಬೇಡಿ. ಬಳಿಕ ತಟ್ಟೆಯ ಮೂಲೆಯಲ್ಲಿರುವ ಪುಟ್ಟ ಜಾರುಗುಂಡಿಯನ್ನು ರಂಧ್ರವು ತೆರೆದು ಕಾಣುವಂತೆ ಸರಿಸಬೇಕು. ಆಗ ತಟ್ಟೆಯ ಮೇಲೆ ಬರೆಯುವುದಾಗಲಿ ಅಳಿಸುವುದಾಗಲಿ ಸಾಧ್ಯವಾಗದು. ಮೇಲೆ ಹೇಳಿದ ಪ್ರಸಂಗದಲ್ಲಿ ಈ ಅರೆಕ್ಷಣದ ಕೆಲಸವಾಗಿದ್ದರೆ ಪಟ್ಟಿಯು ಅಳಿಯುತ್ತಿರಲಿಲ್ಲ.

ವಿಂಡೋಸ್ ಯಂತ್ರದಲ್ಲಿ ವಿನ್‌ಇಮೇಜ್ ಎಂಬ ಚಿತ್ರಾತ್ಮಕ ತಂತ್ರಾಂಶವು ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ಪ್ರಾಯೋಗಿಕ ಅವಧಿ ಮುಗಿದ ಮೇಲೆ ಪರವಾನಗಿಯನ್ನು ಕೊಳ್ಳಬೇಕು. ಅದರ ‘ಡಿಸ್ಕ್’ ಪಟ್ಟಿಯಲ್ಲಿ ‘ರೀಡ್ ಡಿಸ್ಕ್’ ಆರಿಸಿದರೆ ತಟ್ಟೆಯನ್ನು ಓದಿ ಒಳಗಿನ ಕಡತಗಳನ್ನು ಕಿಟಕಿಯಲ್ಲಿ ತೋರಿಸುತ್ತದೆ. ‘ಫೈಲ್’ ಪಟ್ಟಿಯ ‘ಸೇವ್ ಆಸ್’ ಮೂಲಕ ಮೊದಲು ಕುಗ್ಗಿಸದ ಪ್ರತಿಬಿಂಬವನ್ನು, ಅನಂತರ ಐಎಂಜಡ್ ಎಂಬ ಕುಗ್ಗಿಸಿದ ಪ್ರತಿಯನ್ನು ಉಳಿಸತಕ್ಕದ್ದು. ಐಎಂಜಡ್ ಎಂಬುದು ಒಳಗೆ ಜಿಪ್ ಕಡತವೇ ಆದುದರಿಂದ ಮುಂದೆ ಈ ತಂತ್ರಾಂಶ ದೊರೆಯದಿದ್ದರೂ ಅದನ್ನು ಬಿಡಿಸಬಹುದು. ಉಬುಂಟು ಇರುವ ಕಚೇರಿಗಳಲ್ಲಿ ‘ಡಿಸ್ಕ್ಸ್’ ಎಂಬ ಉಚಿತ ಸಾಧನದ ‘ಕ್ರಿಯೇಟ್ ಡಿಸ್ಕ್ ಇಮೇಜ್’ ಆಯ್ಕೆಯು ಇದೇ ಕೆಲಸ ಮಾಡುತ್ತದೆ. ಓದಲಾಗದ ಭಾಗಗಳಿಗೆ ಸೊನ್ನೆ ತುಂಬಿ, ಶೇಕಡ ಎಷ್ಟು ಭಾಗ ಓದಲಾಗಲಿಲ್ಲವೆಂದು ಕೊನೆಯಲ್ಲಿ ಅದು ತಿಳಿಸುತ್ತದೆ. ಆ ಸಂಖ್ಯೆಯನ್ನು ವಹಿಯಲ್ಲಿ ಬರೆಯಲೇಬೇಕು. ಸೊನ್ನೆ ತುಂಬಿದ ಜಾಗದಲ್ಲಿ ಯಾರದೋ ಹೆಸರಿದ್ದಿರಬಹುದು.

ಮುಂದಿನ ಹಂತವನ್ನು ಹಲವರು ಬಿಟ್ಟುಬಿಡುತ್ತಾರೆ. ಕುಗ್ಗಿಸದ ಪ್ರತಿಬಿಂಬದ ಮೇಲೆ ಸೆವೆನ್‌ಜಿಪ್ ತಂತ್ರಾಂಶದ ಮೂಲಕ ಎಸ್‌ಎಚ್‌ಎ-256 ಎಂಬ ಲೆಕ್ಕವನ್ನು ಮಾಡಿಸಿದರೆ 64 ಅಕ್ಷರಾಂಕಗಳ ಮುದ್ರೆಯೊಂದು ಬರುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಈಗ ಕುಗ್ಗಿಸಿದ ಕಡತವನ್ನು ಬೇರೊಂದು ಹೆಸರಿನಲ್ಲಿ ಬಿಡಿಸಿ, ಅದರ ಮುದ್ರೆಯನ್ನೂ ತೆಗೆದು, ಎರಡನ್ನೂ ತಾಳೆ ನೋಡಬೇಕು. ಎರಡೂ ಒಂದೇ ಆಗಿದ್ದರೆ ಮಾತ್ರ ಕೆಲಸ ಮುಗಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಡಿ, ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ನೀಡುವ ಪ್ರಮಾಣಪತ್ರದಲ್ಲಿ ಇಂಥ ಮುದ್ರೆಯನ್ನು ನಮೂದಿಸಬೇಕಾಗಿರುವುದರಿಂದ, ನಿವೇಶನದ ತಕರಾರುಗಳಲ್ಲಿ ಈ ಶ್ರಮವು ಪಂಚಾಯಿತಿಯ ನೆರವಿಗೆ ಬರುತ್ತದೆ.

ಮರಳಿ ಪಡೆಯುವುದಕ್ಕೆ ಹೊಸ ಫ್ಲಾಪಿ ಬೇಕೆಂದಿಲ್ಲ. ಕುಗ್ಗಿಸಿದ ಕಡತವನ್ನು ವಿನ್‌ಇಮೇಜಿನಲ್ಲಿ ತೆರೆದು ಬೇಕಾದ ಪಟ್ಟಿಯನ್ನಷ್ಟೇ ‘ಎಕ್ಸ್‌ಟ್ರಾಕ್ಟ್’ ಮಾಡಿಕೊಳ್ಳಬಹುದು. ಹಳೆಯ ಯಂತ್ರಕ್ಕೆ ಫ್ಲಾಪಿಯೇ ಬೇಕೆಂದಾಗ ಮಾತ್ರ ‘ರೈಟ್ ಡಿಸ್ಕ್’. ಉಬುಂಟುವಿನ ‘ರಿಸ್ಟೋರ್ ಡಿಸ್ಕ್ ಇಮೇಜ್’ ಬಳಸುವಾಗ ವಿಶೇಷ ಎಚ್ಚರಿಕೆ ಬೇಕು: ಆರಿಸಿದ ಡ್ರೈವಿನ ಮೇಲೆ ಬರೆಯುವುದರಿಂದ, ತಪ್ಪಿ ಯಂತ್ರದ ಮುಖ್ಯ ಡಿಸ್ಕನ್ನು ಆರಿಸಿದರೆ ಕಚೇರಿಯ ಈಗಿನ ದಾಖಲೆಗಳಿಗೇ ಸಂಚಕಾರ. ಈ ಕೆಲಸಕ್ಕೆ ಇಬ್ಬರು ಕುಳಿತಿರುವುದು ಉಚಿತ.

ಬಿಡಿಸಿದ ಪಟ್ಟಿಯನ್ನು ತೆರೆದಾಗ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಂಡರೆ ಗಾಬರಿಯಾಗಬೇಕಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ತಂತ್ರಾಂಶಗಳಲ್ಲಿ ಬೇರೆ ಬೇರೆ ಅಕ್ಷರಸಂಕೇತಗಳು ಬಳಕೆಯಲ್ಲಿದ್ದವು. ನುಡಿ, ಬರಹ, ಶ್ರೀಲಿಪಿ ಇವುಗಳಲ್ಲಿ ಯಾವುದರಿಂದ ಟೈಪಾಗಿದೆಯೆಂದು ತಿಳಿದು ಆ ಫಾಂಟನ್ನು ಅಳವಡಿಸಿದರೆ ಅಕ್ಷರಗಳು ಮರಳಿ ಕಾಣುತ್ತವೆ. ಫ್ಲಾಪಿಯ ಚೀಟಿಯ ಮೇಲೆ ತಂತ್ರಾಂಶದ ಹೆಸರಿದ್ದರೆ ಅದನ್ನು ಕಿತ್ತೆಸೆಯದೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಪ್ರತಿಬಿಂಬದಲ್ಲಿ ಅಳಿಸಿದ ಕಡತಗಳ ತುಣುಕುಗಳೂ ಇರುವುದರಿಂದ ಅರ್ಜಿದಾರರಿಗೆ ಪ್ರತಿಬಿಂಬವನ್ನೇ ಕೊಡತಕ್ಕದ್ದಲ್ಲ. ಕೋರಿದ ಪಟ್ಟಿಯನ್ನು ಮಾತ್ರ, ಇತರರ ಖಾಸಗಿ ವಿವರಗಳನ್ನು ಪರಿಶೀಲಿಸಿ ಒದಗಿಸಬೇಕು. ಹಳೆಯ ಫ್ಲಾಪಿಗಳಲ್ಲಿ ವೈರಸ್ ಇರುವುದು ಅಪರೂಪವಲ್ಲ. ಬಿಡಿಸಿದ ಕಡತಗಳನ್ನು ತಪಾಸಣೆ ಮಾಡಿಯೇ ತೆರೆಯಿರಿ.

ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಮಂಡಿಸಿ, ಕಪಾಟಿನಲ್ಲಿರುವ ಫ್ಲಾಪಿಗಳ ಎಣಿಕೆ, ಅವುಗಳ ಚೀಟಿಯಲ್ಲಿರುವ ಬರಹ, ಪ್ರತಿಬಿಂಬ ತೆಗೆದ ದಿನಾಂಕ, ಓದಲಾಗದ ಭಾಗ, ಮುದ್ರೆ ಹಾಗೂ ಸಾಕ್ಷಿಯಾಗಿದ್ದವರ ಸಹಿ ಇರುವ ವಹಿಯೊಂದನ್ನು ತೆರೆಯಲು ನಡಾವಳಿಯಲ್ಲಿ ನಿರ್ಣಯ ದಾಖಲಿಸಬಹುದು. ಒಂದು ಪ್ರತಿ ಪಂಚಾಯಿತಿಯಲ್ಲಿ, ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ. ಐದೂಕಾಲು ಅಂಗುಲದ ಬಾಗುವ ಫ್ಲಾಪಿಗಳು ಸಿಕ್ಕರೆ ಅವು ಯುಎಸ್‌ಬಿ ಡ್ರೈವಿಗೆ ಹೊಂದುವುದಿಲ್ಲ; ಹಳೆಯ ಯಂತ್ರ ಬೇಕಾಗುತ್ತದೆ. ಅವನ್ನು ಮಡಿಸದೆ, ಧ್ವನಿವರ್ಧಕದ ಅಯಸ್ಕಾಂತದಿಂದ ದೂರದಲ್ಲಿ, ಒಣ ಪೆಟ್ಟಿಗೆಯಲ್ಲಿ ಲಂಬವಾಗಿ ನಿಲ್ಲಿಸಿ ಇಡತಕ್ಕದ್ದು.